ಗುಲಾಬಿ ಇರಬೇಕಾದಲ್ಲಿ ನೀಲಿ ಬಂದರೆ

ಪ್ರಶ್ನೆ: ಎಂಟು ವರ್ಷದಿಂದ ಡಿಸೈನ್ ಕೆಲಸ ಮಾಡುತ್ತಿದ್ದೇನೆ. ಇಲ್ಲಿಯವರೆಗೆ ಬಟ್ಟೆ, ಪೀಠೋಪಕರಣದವರ ಕೆಲಸವೇ ಜಾಸ್ತಿ. ಈಗ ಸಿರಿಂಜ್, ಕ್ಯಾನುಲಾ (ರಕ್ತನಾಳಕ್ಕೆ ಚುಚ್ಚಿಡುವ ಸಣ್ಣ ಕೊಳವೆ) ತಯಾರಿಸುವ ಕಂಪನಿಯೊಂದು ಬ್ರೋಷರ್ ಮಾಡಿಕೊಡಲು ಹೇಳಿತು. ಮುಖಪುಟಕ್ಕೆ ದೊಡ್ಡದೊಂದು ಕೆಂಪು ಪ್ಲಸ್ ಗುರುತು, ನಗುತ್ತಿರುವ ಡಾಕ್ಟರ್ ಫೋಟೊ, ಕೆಳಗೆ ‘ನೋವೇ ಇಲ್ಲ, ಶೇ. 100 ಸುರಕ್ಷಿತ’ ಎಂಬ ಸಾಲು ಹಾಕಿದ್ದೆ. ‘ಚೆನ್ನಾಗಿದೆ, ಆದರೆ ಬಳಸೋಕಾಗಲ್ಲ’ ಎಂದು ವಾಪಸ್ ಕಳಿಸಿದ್ದಾರೆ. ಎಲ್ಲಿ ಎಡವಿದೆ?

ಉತ್ತರ: ಮೂರು ಕಡೆಯೂ ಎಡವಿದ್ದೀರಿ. ಬೇಜಾರು ಮಾಡಿಕೊಳ್ಳಬೇಡಿ, ನಾನೂ ಈ ಕೆಲಸ ಕಲಿತದ್ದು ಹೀಗೇ ಏಟು ತಿಂದು.

ಮೊದಲು ಆ ಪ್ಲಸ್. ಬಿಳಿ ನೆಲದ ಮೇಲಿನ ಕೆಂಪು ಪ್ಲಸ್ ಎಂದರೆ ಆಸ್ಪತ್ರೆ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಅದು ಯುದ್ಧದಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುವವರ ಮೇಲೆ ಯಾರೂ ಗುಂಡು ಹಾರಿಸಬಾರದು ಎಂದು 1864ರ ಜಿನೀವಾ ಒಪ್ಪಂದದಲ್ಲಿ ಬಂದ ಗುರುತು. ಸ್ವಿಟ್ಜರ್ಲೆಂಡಿನ ಬಾವುಟದ ಬಣ್ಣ ಅದಲುಬದಲು ಮಾಡಿದರೆ ಅದೇ. ವ್ಯಾಪಾರಕ್ಕೆ ಬಳಸುವಂತಿಲ್ಲ ಎಂದು 1949ರ ಒಪ್ಪಂದದಲ್ಲೂ ಬರೆದಿದ್ದಾರೆ. ಬೇಕಿದ್ದರೆ ಹಸಿರು ಮಾಡಿ, ಇಲ್ಲವೇ ತೆಗೆದೇಬಿಡಿ. ಸಿರಿಂಜ್ ಚಿತ್ರ ಕಂಡವರಿಗೆ ಇದು ಆಸ್ಪತ್ರೆ ಸಾಮಾನು ಅಂತ ಬೇರೆ ಹೇಳಬೇಕಾ?

ಡಾಕ್ಟರ್ ಫೋಟೊ ಸಣ್ಣ ತಪ್ಪು. ಆದರೂ ಕಾಸು ಕೊಟ್ಟು ತರುವ ಇಂಥ ಫೋಟೊಗಳನ್ನು ಹತ್ತಿರದಿಂದ ನೋಡಿ. ಸೂಜಿ ಹಿಡಿದ ಕೈಗೆ ಗ್ಲೌಸ್ ಇರುವುದಿಲ್ಲ. ಸ್ಟೆತಾಸ್ಕೋಪ್ ಹಿಂದುಮುಂದಾಗಿರುತ್ತದೆ, ಕಿವಿಗೆ ಹಾಕುವ ತುದಿ ಮೂಗಿನ ಕಡೆಗೆ ಬಾಗಿರಬೇಕು. ನಿಮ್ಮ ಬ್ರೋಷರ್ ಓದುವವರೇ ಡಾಕ್ಟರು, ನರ್ಸು. ಅವರು ಒಳಗೊಳಗೇ ನಕ್ಕು ಪುಟ ತಿರುಗಿಸುತ್ತಾರೆ.

ದೊಡ್ಡ ತಪ್ಪು ಆ ಸಾಲು. ಬಟ್ಟೆಯ ಜಾಹೀರಾತಿನಲ್ಲಿ ‘ಇಷ್ಟು ಮೆತ್ತಗಿನದು ಬೇರೆಲ್ಲೂ ಇಲ್ಲ’ ಎಂದರೆ ಯಾರೂ ಕೇಳುವುದಿಲ್ಲ. ಇಲ್ಲಿ ವಾಕ್ಯ ನಿಮ್ಮ ಕೈಯಲ್ಲಿಲ್ಲ. ಪ್ರತಿ ವಸ್ತುವೂ ಯಾವುದಕ್ಕೆ, ಯಾರಿಗೆ ಬಳಸುವಂಥದ್ದು ಎಂದು ಕಂಪನಿ ನಿಯಂತ್ರಣ ಇಲಾಖೆಗೆ ಬರೆದುಕೊಟ್ಟಿರುತ್ತದೆ. ಬ್ರೋಷರ್ ಆ ಗೆರೆ ದಾಟಬಾರದು. ಹಾಗಾಗಿ ಲೋಗೋ ಕೇಳುವ ಮೊದಲು ಅವರ ರೆಗ್ಯುಲೇಟರಿ ವಿಭಾಗ ಒಪ್ಪಿದ ಪಠ್ಯ ಕೇಳಿ. ಸಿಕ್ಕಿದ್ದನ್ನು ಸುಮ್ನೆ ಹಾಗೇ ಕೂರಿಸಿ. ‘ಕಡಿಮೆ ಮಾಡಲು ನೆರವಾಗುತ್ತದೆ’ ಎಂದಿದ್ದರೆ, ಜಾಗ ಸಾಲಲಿಲ್ಲವೆಂದು ‘ಕಡಿಮೆ ಮಾಡುತ್ತದೆ’ ಎಂದು ಮೊಟಕು ಮಾಡಬೇಡಿ. ಎರಡಕ್ಕೂ ಬಹಳ ದೂರ.

ಗುರುತುಗಳದ್ದೂ ಇದೇ ಕತೆ. ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯಲ್ಲಿ ಕಂಪನಿ ಹೆಸರು ನೋಂದಾಯಿಸಿದೆ ಎಂದ ಮಾತ್ರಕ್ಕೆ ‘ಎಫ್‌ಡಿಎ ಅಪ್ರೂವ್ಡ್’ ಎಂದು ಹಾಕುವಂತಿಲ್ಲ. ಅವರ ಲೋಗೋವನ್ನಂತೂ ಮುಟ್ಟಲೇಬೇಡಿ. ಯುರೋಪಿನ ನಿಯಮಗಳಿಗೆ ಒಪ್ಪುತ್ತದೆ ಎಂದು ಸಾರುವ ಸಿಇ ಗುರುತನ್ನು ನಿಮ್ಮ ಫಾಂಟ್‌ನಲ್ಲಿ ಟೈಪ್ ಮಾಡಬೇಡಿ, 5 ಮಿ.ಮೀ.ಗಿಂತ ಗಿಡ್ಡ ಮಾಡಬೇಡಿ. ಪಕ್ಕದಲ್ಲಿ ನಾಲ್ಕಂಕಿ ಸಂಖ್ಯೆ ಇದ್ದರೆ ಬಿಡದೆ ಹಾಕಿ. ವೃತ್ತದೊಳಗೆ 2, ಅದರ ಮೇಲೆ ಓರೆ ಗೆರೆ ಇದ್ದರೆ ‘ಮತ್ತೆ ಬಳಸಬೇಡಿ’ ಎಂದರ್ಥ. ಮರಳುಗಡಿಯಾರ ಇದ್ದರೆ, ಎಂದಿನೊಳಗೆ ಬಳಸಬೇಕು ಎಂಬ ದಿನಾಂಕದ ಗುರುತು. ಇವೆಲ್ಲ ವೈದ್ಯಕೀಯ ಸಾಧನಗಳ ಗುರುತುಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 15223-1ರಲ್ಲಿ ಗೊತ್ತುಮಾಡಿಟ್ಟ ಚಿತ್ರಗಳು. ನಿಮ್ಮ ಐಕಾನ್ ಸಂಗ್ರಹದ ಮುದ್ದಾದ ಗೋಡೆಗಡಿಯಾರ ಇಲ್ಲಿ ನಡೆಯುವುದಿಲ್ಲ.

ಇನ್ನು ಬಣ್ಣ. ನನ್ನದೇ ಕತೆ ಹೇಳಿಬಿಡುತ್ತೇನೆ. ಹೊಸದರಲ್ಲಿ ನನಗೂ ಕ್ಯಾನುಲಾ ಚಾರ್ಟ್ ಮಾಡುವ ಕೆಲಸ ಬಂತು. ಕಂಪನಿಯ ಬಣ್ಣ ನೀಲಿ, ಬೂದಿ. ಅದಕ್ಕೆ ಹೊಂದಲಿ ಎಂದು ಅಳತೆಯ ಪಟ್ಟಿಗೆ ಒಂದು ಸಾಲು ತಿಳಿನೀಲಿ, ಒಂದು ಸಾಲು ತಿಳಿಬೂದಿ ಪಟ್ಟೆ ಕೊಟ್ಟೆ. ಎಷ್ಟು ಚೆಂದ ಕಾಣುತ್ತಿತ್ತು ಅಂತೀರಿ! ಪ್ರೆಸ್‌ಗೆ ಹೋಗುವ ಹಿಂದಿನ ದಿನ ಪ್ರೂಫನ್ನು ಹಿರಿಯ ಸಿಸ್ಟರ್ ಒಬ್ಬರ ಮುಂದಿಟ್ಟೆ. ಎರಡು ಸೆಕೆಂಡ್ ನೋಡಿದರು. ‘ಇದು ಇಪ್ಪತ್ತೋ, ಇಪ್ಪತ್ತೆರಡೋ?’ ಎಂದರು. ಆ ತಿಳಿನೀಲಿ ಸಾಲಿನಲ್ಲಿ 20 ಎಂದು ದಪ್ಪಗೆ ಬರೆದಿತ್ತು. ‘ಬರೆದಿದ್ದೀರಪ್ಪ, ಆದರೆ ನೀಲಿ ಅಂದ್ರೆ ಇಪ್ಪತ್ತೆರಡು ಅಲ್ವಾ?’

ಅಲ್ಲಿಯವರೆಗೆ ಆ ಪ್ಲಾಸ್ಟಿಕ್ ಬಣ್ಣಗಳು ಅಂದಕ್ಕೆ ಎಂದುಕೊಂಡಿದ್ದೆ. ಅವು ಗೇಜ್, ಅಂದರೆ ಕೊಳವೆಯ ದಪ್ಪ, ಹೇಳುವ ಬಣ್ಣಗಳು: 16 ಬೂದಿ, 18 ಹಸಿರು, 20 ಗುಲಾಬಿ, 22 ನೀಲಿ, 24 ಹಳದಿ. ಯಾವ ಕಂಪನಿಯದಾದರೂ ಇದೇ ಲೆಕ್ಕ. ಗೇಜ್ ಸಂಖ್ಯೆ ಜಾಸ್ತಿಯಾದಷ್ಟೂ ಕೊಳವೆ ಸಣ್ಣ. ಟ್ರೇಯಿಂದ ಕ್ಯಾನುಲಾ ಎತ್ತಿಕೊಳ್ಳುವವರ ಕೈ ಸಂಖ್ಯೆ ಓದುವ ಮೊದಲೇ ಬಣ್ಣ ನೋಡಿ ಹೋಗಿರುತ್ತದೆ. ನನ್ನ ಪಟ್ಟೆ ಅವರಿಗೆ ಸುಳ್ಳು ಹೇಳುತ್ತಿತ್ತು. ರಾತ್ರಿ ಕೂತು ಎಲ್ಲ ಪಟ್ಟೆ ಅಳಿಸಿ, ಬಿಳಿ ನೆಲದ ಮೇಲೆ ಪ್ರತಿ ಗೇಜಿನ ಮುಂದೆ ಅದರದೇ ಬಣ್ಣದ ಚುಕ್ಕೆ ಇಟ್ಟೆ. ಕಂಪನಿಯ ನೀಲಿಯನ್ನು ತಲೆಪಟ್ಟಿಗೆ ಮಾತ್ರ ಬಿಟ್ಟೆ.

ಅಷ್ಟಕ್ಕೇ ಮುಗಿಯಲಿಲ್ಲ. ಸ್ಕ್ರೀನಿನ ಮೇಲೆ ಹೊಳೆಯುವ ಗುಲಾಬಿ, ಮುದ್ರಣದ ನಾಲ್ಕು ಇಂಕುಗಳಿಗೆ (ಸಿಎಂವೈಕೆ) ಬದಲಿಸಿದ ಕೂಡಲೇ ಮಂಕಾಗುತ್ತದೆ. ಅದಕ್ಕೇ ಈಗಲೂ ನಿಜವಾದ ಕ್ಯಾನುಲಾಗಳನ್ನೇ ತರಿಸಿಕೊಂಡು, ಕಾಗದದ ಪ್ರೂಫಿನ ಪಕ್ಕ ಇಟ್ಟು, ಕಿಟಕಿ ಬೆಳಕಲ್ಲಿ ನೋಡುತ್ತೇನೆ. ನೀವೂ ಮೊದಲು ಆ ಸಾಮಾನುಗಳನ್ನು ಕೈಗೆ ತೆಗೆದುಕೊಳ್ಳಿ. ಆಮೇಲೆ ಕಂಪ್ಯೂಟರ್ ಹಚ್ಚಿ.

ಪ್ರಶ್ನೆ: ಎ4 ಅಳತೆಯ ಲೀಫ್‌ಲೆಟ್ ಅನ್ನು ಮೂರು ಭಾಗವಾಗಿ ಮಡಿಸಿದರೆ ಒಳಗೆ ಹೋಗುವ ಭಾಗ ಉಬ್ಬಿ ನಿಲ್ಲುತ್ತದೆ. ಪ್ರೆಸ್‌ನವರ ತಪ್ಪೇ?

ಉತ್ತರ: ನಿಮ್ಮದೇ. 297 ಮಿ.ಮೀ.ಯನ್ನು ಸಮವಾಗಿ 99ರಂತೆ ಹಂಚಿದ್ದೀರಿ ಅಲ್ವಾ? ಒಳಗೆ ಮಡಚುವ ಭಾಗ ಸ್ವಲ್ಪ ಕಿರಿದಾಗಬೇಕು. 100, 100, 97 ಎಂದು ಹಂಚಿ. ಹಿಂಬದಿಗೆ ಇದೇ ಲೆಕ್ಕವನ್ನು ತಿರುವು ಹಾಕುವುದು ಮರೆಯಬೇಡಿ, ಅಲ್ಲೇ ಎಲ್ಲರೂ ಜಾರುವುದು. ಸುತ್ತ 3 ಮಿ.ಮೀ. ಬ್ಲೀಡ್, ಅಂದರೆ ಕತ್ತರಿಸಿಹೋಗುವ ಹೆಚ್ಚುವರಿ ಅಂಚು, ಬಿಡಿ. ಕಾಗದ ದಪ್ಪದ್ದು, 170 ಜಿಎಸ್‌ಎಂ ಇದ್ದರೆ ಮಡಿಸುವ ಮೊದಲು ಕ್ರೀಸ್ (ಮಡಿಕೆಯ ಗೆರೆ) ಹೊಡೆಸಿ, ಇಲ್ಲದಿದ್ದರೆ ಮಡಿಕೆಯಲ್ಲಿ ಇಂಕ್ ಬಿರುಕು ಬಿಟ್ಟು ಬಿಳಿ ಗೆರೆ ಕಾಣುತ್ತದೆ. ಹಾಂ, ಮ್ಯಾಟ್ ಕಾಗದವೇ ಇರಲಿ. ಕಂಪನಿಯವರು ಭೇಟಿಗೆ ಹೋದಾಗ ಅದರ ಮೇಲೇ ಪೆನ್ನಲ್ಲಿ ಬರೆದು ವಿವರಿಸುತ್ತಾರೆ. ಹೊಳಪಿನ (ಗ್ಲಾಸಿ) ಲ್ಯಾಮಿನೇಷನ್ ಮೇಲೆ ಪೆನ್ ಜಾರುತ್ತದೆ.

ಪ್ರಶ್ನೆ: ಹಿಂಬದಿಯ ಮೂಲೆಯಲ್ಲಿ ಏನೋ ಒಂದು ಸಂಖ್ಯೆ, ‘ಪರಿಷ್ಕರಣೆ 3’ ಅಂತ ಹಾಕಲೇಬೇಕು ಅಂತಾರೆ. ಲೇಔಟ್ ಕೆಡುತ್ತದೆ. ತೆಗೆದರೆ ಆಗದೇ?

ಉತ್ತರ: ಆಗದು. ನಾಳೆ ಒಂದು ಅಳತೆಯೋ ಎಚ್ಚರಿಕೆಯ ಮಾತೋ ಬದಲಾದರೆ ಹಳೆಯ ಪ್ರತಿ ಯಾವುದು, ಹೊಸದು ಯಾವುದು ಎಂದು ಆ ಸಂಖ್ಯೆ ನೋಡಿಯೇ ಬೇರೆ ಮಾಡಿ ವಾಪಸ್ ತರಿಸುವುದು. 6 ಪಾಯಿಂಟ್ ಅಳತೆಯಲ್ಲಿ, ಬಿಳಿ ಜಾಗದ ಮೇಲೆ, ಬರೀ ಕಪ್ಪು ಇಂಕಿನಲ್ಲಿ ಹಾಕಿ. ನಾಲ್ಕು ಬಣ್ಣ ಬೆರೆಸಿದ ಕಪ್ಪು ಬೇಡ. ಗಾಢ ನೀಲಿಯ ಮೇಲೆ ಬಿಳಿ ಅಕ್ಷರವಂತೂ ಬೇಡವೇ ಬೇಡ. ಇಂಕ್ ತುಂಬಿಕೊಂಡು 3 ಹೋಗಿ 8 ಆಗುತ್ತದೆ.