ಸೋಲಾರಿನ ಪೆಟ್ಟಿಗೆ ಆಟಿಯಲ್ಲಿ ಮಾತು ಬಿಟ್ಟಿದೆ

ಪ್ರಶ್ನೆ: ನಮ್ಮಲ್ಲಿ 200 ಲೀಟರಿನ ಸೋಲಾರ್ ವಾಟರ್ ಹೀಟರ್ ಇದೆ. ಮಳೆಗಾಲಕ್ಕೆ ಬೇಕಲ್ಲ ಎಂದು ಕರೆಂಟಿನ ಕಾಯಿಲೂ ಉಂಟು. ಅದಕ್ಕೆ ನೀರಿನ ಬಿಸಿ ನೋಡಿ ಆನ್-ಆಫ್ ಮಾಡುವ ವಯರ್‌ಲೆಸ್ ಕಂಟ್ರೋಲರ್ ಹಾಕಿಸಿದ್ದೇವೆ: ಟ್ಯಾಂಕಿನ ಪಕ್ಕ ಸೆಲ್ಲಿನ ಸೆನ್ಸರ್ ಪೆಟ್ಟಿಗೆ, ಕೆಳಗೆ ಬಚ್ಚಲಿನ ಹೊರಗೆ ರಿಸೀವರ್. ಈ ಬೇಸಗೆಯಲ್ಲಿ ತಾರಸಿಗೆ ಶೀಟು ಹಾಕಿಸಿ ಟ್ಯಾಂಕನ್ನು ಅದರ ಮೇಲಕ್ಕೆ ಏರಿಸಿದೆವು. ಆಟಿ (ಜೋರು ಮಳೆಯ ತಿಂಗಳು) ಶುರುವಾದ ಮೇಲೆ ಡಿಸ್ಪ್ಲೇಯಲ್ಲಿ ಬರೇ ಎರಡು ಗೀಟು, ಸಂಜೆಯಂತೂ ಕೇಳುವುದೇ ಬೇಡ. ಕಾಯಿಲ್ ಆನ್ ಆಗುವುದಿಲ್ಲ. ಮಗನ ಆಟಿಕೆಯ ಚಾರ್ಜಿನ ಸೆಲ್ಲು ಹಾಕಿದ್ದೂ ಆಯಿತು. ಮಾರಿದವರು ಇಡೀ ಸೆಟ್ಟು ಬದಲಿಸಿ ಅನ್ನುತ್ತಾರೆ.
– ಗೃಹಿಣಿ, ಪೆರ್ಲ

ಉತ್ತರ: ಬೇಡ ಅಕ್ಕ, ಈಗಲೇ ದುಡ್ಡು ಸುರಿಯಬೇಡಿ. ಸೆನ್ಸರ್ ಪೆಟ್ಟಿಗೆಯನ್ನು ಬಿಚ್ಚಿ ತಂದು ರಿಸೀವರಿನ ಪಕ್ಕ ಇಡಿ, ಹತ್ತು ನಿಮಿಷ ಕಾಯಿರಿ. ಗೀಟು ಹೋಗಿ ಏನಾದರೂ ಅಂಕೆ ಬಂತೇ? ಹಾಗಾದರೆ ಎರಡು ಪೆಟ್ಟಿಗೆಯೂ ಸರಿ ಇವೆ, ದಾರಿಯೇ ಕಟ್ಟಿದೆ.

ಆ ದಾರಿ ಕಟ್ಟಿದ್ದು ನಿಮ್ಮ ಶೀಟು ಎಂದೇ ನನ್ನ ಗುಮಾನಿ. ಲೋಹದ ಹಾಳೆಗೆ ಬಡಿದ ರೇಡಿಯೋ ಅಲೆ ಹಿಂದಕ್ಕೇ ಹೋಗುತ್ತದೆ. ಅಂಚಿನಿಂದ ನುಸುಳಿ ಬಂದದ್ದನ್ನು ಕಾಂಕ್ರೀಟು ಸ್ಲ್ಯಾಬೂ ಅದರ ಕಬ್ಬಿಣವೂ ತಡೆಯುತ್ತವೆ. ಮೇಲಿಂದ ನಮ್ಮ ಕಡೆಯ ಕೆಂಪುಕಲ್ಲಿನ ಗೋಡೆ! ತೂತು ತೂತಿನ ಕಲ್ಲು, ಆಟಿಯಲ್ಲಿ ನೀರು ಕುಡಿದು ಕೂತಿರುತ್ತದೆ. ನೀರಿಗೆ ಈ ಅಲೆಯನ್ನು ನುಂಗುವ ಗುಣ ಉಂಟು. ಬೇಸಗೆಯಲ್ಲಿ ಹೇಗೋ ದಾಟುತ್ತಿದ್ದದ್ದು ಈಗ ದಾಟದು.

ಪರಿಹಾರಕ್ಕೆ ಖರ್ಚು ಕಡಿಮೆ. ಟ್ಯಾಂಕಿನೊಳಗೆ ಇರಬೇಕಾದದ್ದು ತಾಪ ನೋಡುವ ಕಡ್ಡಿ ಮಾತ್ರ, ಪೆಟ್ಟಿಗೆಯಲ್ಲ. ಕಡ್ಡಿಯ ವಯರಿಗೆ ನಾಲ್ಕೈದು ಮೀಟರ್ ಜೋಡಿಸಿ (ಜಾಯಿಂಟು ನೀರು ತಾಗದಂತಿರಲಿ), ಪೆಟ್ಟಿಗೆಯನ್ನು ಶೀಟಿನ ಕೆಳಗೆ, ಮೆಟ್ಟಿಲಿನ ಬಾಯಿಯ ಹತ್ತಿರ ತೂಗಿಸಿ. ಕಬ್ಬಿಣದ ಪೈಪಿಗೆ ಅಂಟಿಸಬೇಡಿ, ಒಂದು ಗೇಣಾದರೂ ದೂರ ಇರಲಿ. ರಿಸೀವರನ್ನು ಎಂಸಿಬಿಯ (ಕರೆಂಟು ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್ಚು) ಕಬ್ಬಿಣದ ಡಬ್ಬದೊಳಗೆ ಕೂರಿಸಿದ್ದರೆ ಮೈನ್ ಆಫ್ ಮಾಡಿಸಿ ಹೊರಗೆ ಪ್ಲಾಸ್ಟಿಕ್ ಡಬ್ಬಕ್ಕೆ ಬದಲಿಸಲಿ. ಈ ಕೆಲಸ ಎಲೆಕ್ಟ್ರಿಷಿಯನ್ನಿಗೆ ಬಿಡಿ.

ಸೆಲ್ಲಿನ ವಿಷಯ: ಚಾರ್ಜಿನ ಸೆಲ್ಲು 1.2 ವೋಲ್ಟ್, ಸಾದಾ ಆಲ್ಕಲೈನ್ 1.5. ಎರಡು ಸೆಲ್ಲಿಗೆ 2.4 ಆಯಿತು, ಕೆಲವು ಪೆಟ್ಟಿಗೆಗೆ ಅಷ್ಟು ಸಾಲದು. ಹೊಸ ಆಲ್ಕಲೈನ್ ಹಾಕಿ. ಹಾಕುವಾಗ ಸ್ಪ್ರಿಂಗಿನ ಬುಡ ನೋಡಿ, ಹಸಿರು ಕಿಲುಬು ಇದ್ದರೆ ಉಪ್ಪುಕಾಗದದಿಂದ ಉಜ್ಜಿ. ಇರುವೆ ಮೊಟ್ಟೆ ಸಿಕ್ಕರೂ ಆಶ್ಚರ್ಯವಿಲ್ಲ, ಅವಕ್ಕೆ ಬೆಚ್ಚಗಿನ ಒಣ ಜಾಗ ಬೇಕಲ್ಲ.

ಸಂಜೆಯೇ ಯಾಕೆ ಹೆಚ್ಚು? ಪೆಟ್ಟಿಗೆಯ ಹಿಂದೆ 2.4 ಗಿಗಾಹರ್ಟ್ಸ್ ಎಂದಿದ್ದರೆ ಮಕ್ಕಳು ಶಾಲೆಯಿಂದ ಬಂದು ಹಚ್ಚುವ ವೈಫೈಯೂ ಅದೇ ಅಲೆಯಲ್ಲಿ ಇರಬಹುದು. ರೌಟರನ್ನು ರಿಸೀವರಿನಿಂದ ದೂರ ಸರಿಸಿ ನೋಡಿ. 433 ಅಥವಾ 866 ಮೆಗಾಹರ್ಟ್ಸ್ ಎಂದಿದ್ದರೆ ವೈಫೈ ನಿರಪರಾಧಿ. ಕರೆಂಟು ಹೋಗಿ ಬಂದ ಕೂಡಲೇ ಗೀಟು ಕಂಡರೆ ಗಾಬರಿ ಬಿದ್ದು ಪೇರಿಂಗ್ ಬಟನ್ (ಎರಡು ಪೆಟ್ಟಿಗೆಯನ್ನು ಹೊಸದಾಗಿ ಜೋಡಿ ಮಾಡುವುದು) ಒತ್ತಬೇಡಿ. ಸೆಲ್ಲು ಉಳಿಸಲು ಸೆನ್ಸರ್ ಬಿಟ್ಟು ಬಿಟ್ಟು ಮಾತಾಡುತ್ತದೆ, ಅದರ ಸರದಿ ಬರುವ ತನಕ ತಾಳಿ.

ಸಿಗ್ನಲ್ ಇಲ್ಲದಾಗ ಕಾಯಿಲ್ ಆನ್ ಆಗದಿರುವುದು ದೋಷವಲ್ಲ, ಅದು ಬೇಕಾದದ್ದೇ. ನೀರಿನ ಬಿಸಿ ತಿಳಿಯದೆ 2 ಕಿಲೋವ್ಯಾಟಿನ ಕಾಯಿಲ್ ಉರಿಯುತ್ತಲೇ ಇದ್ದರೆ ಗತಿ ಏನು? ಯಾರಾದರೂ ಕಂಟ್ರೋಲರ್ ಬಿಟ್ಟು ಕಾಯಿಲಿಗೆ “ಡೈರೆಕ್ಟ್ ಕೊಡುವ” ಎಂದು ಬಂದರೆ ಬಾಗಿಲಲ್ಲೇ ನಿಲ್ಲಿಸಿ. ರಿಪೇರಿ ಆಗುವ ತನಕ ಹಂಡೆಯ ಒಲೆಗೆ ತೆಂಗಿನ ಸಿಪ್ಪೆ ಹಾಕಿ. ನಮ್ಮ ಮನೆಯಲ್ಲಿ ಸೋಲಾರ್ ಬಂದ ಮೇಲೂ ಒಲೆ ಕೀಳಿಸಲು ಅಮ್ಮ ಬಿಟ್ಟಿಲ್ಲ.

ಪ್ರಶ್ನೆ: ಇಂಥ ಸೆನ್ಸರ್ ಪೆಟ್ಟಿಗೆಗೆ ಮಳೆಗೆಂದು ಪ್ಲಾಸ್ಟಿಕ್ ತೊಟ್ಟೆ ಕಟ್ಟಬಹುದೇ?
– ಕೃಷಿಕ, ಮುಳ್ಳೇರಿಯ

ಉತ್ತರ: ಸಿಗ್ನಲ್ಲಿಗೆ ತೊಂದರೆ ಇಲ್ಲ, ಆದರೆ ಬಿಗಿಯಾಗಿ ಕಟ್ಟಿದರೆ ಒಳಗೆ ಬೆವರಿ ಸೆಲ್ಲು ಹಾಳಾಗುತ್ತದೆ. ಅಡಿಭಾಗ ತೆರೆದಿಡಿ. ಒಳಗೆ ಬೆಳ್ಳಿ ಬಣ್ಣದ ಪದರವಿರುವ ತಿಂಡಿ ಪ್ಯಾಕೆಟ್ ಮಾತ್ರ ಬೇಡ, ಅದು ಸಿಗ್ನಲ್ಲಿಗೂ ಅಡ್ಡ.