ಕೊಟ್ಟ ಪಾಸ್‌ವರ್ಡು, ಹೊತ್ತ ಹೊಣೆ

ಪ್ರಶ್ನೆ: ನಾನು ಹುಬ್ಬಳ್ಳಿಯವನು, ಪುಣೆಯ ವಿಶ್ವವಿದ್ಯಾಲಯವೊಂದರಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಬೇರೆ ಕಾಲೇಜಿನಲ್ಲಿರುವ ನಮ್ಮೂರಿನ ಗೆಳೆಯ ಕೇಳಿದನೆಂದು ಗ್ರಂಥಾಲಯದ ಜರ್ನಲ್‌ಗಳನ್ನು ನೋಡಲು ನನ್ನ ಲಾಗಿನ್ ಕೊಟ್ಟೆ. ಅವನು ಚಿಕ್ಕದೊಂದು ಪ್ರೋಗ್ರಾಮ್ ಬರೆದು ರಾತ್ರಿಯಿಡೀ ಸಾವಿರಾರು ಲೇಖನಗಳನ್ನು ಇಳಿಸಿಕೊಂಡನಂತೆ. ಈಗ ನನ್ನ ಖಾತೆ ಬಂದ್ ಆಗಿದೆ, ವಿವರಣೆ ಕೇಳಿ ನೋಟಿಸೂ ಬಂದಿದೆ. ಮಾಡಿದವನು ಅವನು; ನಾನೇಕೆ ಉತ್ತರಿಸಬೇಕು?
– ಹೆಸರು ಬೇಡ, ಪುಣೆ

ಉತ್ತರ: ನೀವು ಕೊಟ್ಟದ್ದು ನಿಮ್ಮ ಸ್ವಂತ ವಸ್ತುವಾಗಿರಲಿಲ್ಲ ಎಂಬುದೇ ಇದಕ್ಕೆ ಕಾರಣ. ಗ್ರಂಥಾಲಯವು ಚಂದಾ ಕಟ್ಟಿ ಪ್ರಕಾಶಕರಿಂದ ಪಡೆಯುವ ಅನುಮತಿ ಸಾಮಾನ್ಯವಾಗಿ ಆ ಸಂಸ್ಥೆಯ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಮಾತ್ರ ಸೀಮಿತವಾಗಿರುತ್ತದೆ. ಯಂತ್ರದ ಮೂಲಕ ಸಾರಾಸಗಟಾಗಿ ಲೇಖನಗಳನ್ನು ಇಳಿಸಿಕೊಳ್ಳಬಾರದೆಂಬ ಷರತ್ತೂ ಅಂಥ ಒಪ್ಪಂದಗಳಲ್ಲಿ ಇದ್ದೇ ಇರುತ್ತದೆ. ಪ್ರಕಾಶಕರ ಸರ್ವರ್ ಕಂಪ್ಯೂಟರಿಗೆ ಕಾಣುವುದು ನಿಮ್ಮ ಗೆಳೆಯನೂ ಅಲ್ಲ, ನೀವೂ ಅಲ್ಲ. ಅಂತರ್ಜಾಲದಲ್ಲಿ ವಿಶ್ವವಿದ್ಯಾಲಯವನ್ನು ಗುರುತಿಸುವ ಸಂಖ್ಯೆ, ಅಂದರೆ ಅದರ ಐಪಿ ವಿಳಾಸ ಮಾತ್ರ. ಸಂಶಯ ಬಂದ ಕೂಡಲೇ ಅವರು ಆ ವಿಳಾಸವನ್ನೇ ತಡೆಹಿಡಿದರೆ, ಮಾರನೆಯ ದಿನ ಮಹಾಪ್ರಬಂಧ ಒಪ್ಪಿಸಬೇಕಾದ ವಿದ್ಯಾರ್ಥಿಯೂ ಬರಿಗೈಯಲ್ಲಿ ಕೂರಬೇಕಾಗುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 2010ರಲ್ಲಿ ಹೀಗೆಯೇ ಆಯಿತು: ಒಬ್ಬನೇ ವ್ಯಕ್ತಿ ಅಪಾರ ಪ್ರಮಾಣದಲ್ಲಿ ಲೇಖನಗಳನ್ನು ಇಳಿಸಿಕೊಂಡ ಕಾರಣ, ಜೆಸ್ಟೋರ್ ಎಂಬ ಸಂಗ್ರಹವು ಕೆಲವು ದಿನ ಇಡೀ ಆವರಣಕ್ಕೇ ಬಾಗಿಲು ಮುಚ್ಚಿತ್ತು. ಜ್ಞಾನ ಎಲ್ಲರಿಗೂ ಮುಕ್ತವಾಗಿರಬೇಕೆಂಬ ವಾದಕ್ಕೆ ನನ್ನ ಸಹಾನುಭೂತಿ ಇದೆ. ಆದರೆ ಆ ಹೋರಾಟಕ್ಕೆ ಸಹಪಾಠಿಗಳ ಓದನ್ನು, ಅವರನ್ನು ಕೇಳದೆಯೇ, ಒತ್ತೆ ಇಡುವುದು ಸರಿಯಲ್ಲ.

ಕಾನೂನಿನ ಮಾತೂ ಇದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿನ ಪ್ರಕಾರ, ಕಂಪ್ಯೂಟರ್ ವ್ಯವಸ್ಥೆಯ ಒಡೆಯರ ಅಥವಾ ಉಸ್ತುವಾರಿ ವಹಿಸಿದವರ ಅನುಮತಿಯಿಲ್ಲದೆ ಅದರೊಳಗೆ ಪ್ರವೇಶಿಸಿದರೆ ಅಥವಾ ಅದರಿಂದ ದತ್ತಾಂಶವನ್ನು ನಕಲು ಮಾಡಿಕೊಂಡರೆ ಪರಿಹಾರ ಕೊಡಬೇಕಾದೀತು. ಅದನ್ನೇ ವಂಚನೆಯ ಅಥವಾ ಅಪ್ರಾಮಾಣಿಕ ಉದ್ದೇಶದಿಂದ ಮಾಡಿದ್ದಾದರೆ, 66ನೇ ಕಲಮಿನಂತೆ 3 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಅನುಮತಿ ಕೊಡುವ ಅಧಿಕಾರ ವಿಶ್ವವಿದ್ಯಾಲಯದ್ದು, ನಿಮ್ಮದಲ್ಲ ಎಂಬುದನ್ನು ಗಮನಿಸಿ. ನಿಮ್ಮ ಪ್ರಕರಣ ಅಷ್ಟು ದೂರ ಹೋಗಲಾರದು ಎಂದುಕೊಳ್ಳುತ್ತೇನೆ. ಆದರೆ 'ನನ್ನ ಪಾಸ್‌ವರ್ಡ್ ಯಾರೋ ಕದ್ದರು' ಎಂದು ಮಾತ್ರ ಬರೆಯಬೇಡಿ. ಲಾಗಿನ್ ಆದ ಹೊತ್ತು, ವಿಳಾಸ ಎಲ್ಲವೂ ಅವರ ಲಾಗ್‌ನಲ್ಲಿ ದಾಖಲಾಗಿರುತ್ತದೆ. ಯಾವಾಗ ಕೊಟ್ಟಿರಿ, ಏನೆಂದು ಹೇಳಿ ಕೊಟ್ಟಿರಿ ಎಂಬುದನ್ನು ಇದ್ದದ್ದು ಇದ್ದಂತೆ ಬರೆದುಕೊಡಿ. ಅದೇ ಪಾಸ್‌ವರ್ಡನ್ನು ಬ್ಯಾಂಕಿಗೋ ಇಮೇಲಿಗೋ ಇಟ್ಟುಕೊಂಡಿದ್ದರೆ ಇವತ್ತೇ ಬದಲಿಸಿ. ನಿಮ್ಮ ಗೆಳೆಯನದು ಸರ್ಕಾರಿ ಕಾಲೇಜಾಗಿದ್ದರೆ, 2025ರ ಜನವರಿಯಲ್ಲಿ ಆರಂಭವಾದ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಯಡಿ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಅವನಿಗೆ ನ್ಯಾಯವಾಗಿಯೇ ಸಿಗಬಹುದು. ಮೊದಲು ತನ್ನ ಗ್ರಂಥಪಾಲಕರನ್ನು ಕೇಳಲಿ.

ಪ್ರಶ್ನೆ: ನಾನು ಮುಂಬಯಿಯಲ್ಲಿ ಕನ್ನಡದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದರೆ ಕೃತಿಚೌರ್ಯ ಪತ್ತೆ ಮಾಡುವ ತಂತ್ರಾಂಶಕ್ಕೆ ಏನೂ ಸಿಗುವುದಿಲ್ಲವೆಂದು ಹಿರಿಯ ವಿದ್ಯಾರ್ಥಿಯೊಬ್ಬರು ಹೇಳಿದರು. ನಿಜವೇ?
– ಸಂಶೋಧಕಿ, ಡೊಂಬಿವಲಿ

ಉತ್ತರ: ತಾಂತ್ರಿಕವಾಗಿ ಅದು ಬಹುಮಟ್ಟಿಗೆ ನಿಜ. ಯುನಿಕೋಡ್ (ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ ಸಂಕೇತವಿರುವ ಪದ್ಧತಿ) ಅಲ್ಲದ ಆ ಫಾಂಟುಗಳಲ್ಲಿ ನಮಗೆ 'ಕ' ಕಂಡ ಕಡೆ ಯಂತ್ರಕ್ಕೆ ಯಾವುದೋ ಲ್ಯಾಟಿನ್ ಚಿಹ್ನೆ ಕಾಣುವುದರಿಂದ, ಯುನಿಕೋಡಿನಲ್ಲಿರುವ ಮೂಲದೊಂದಿಗೆ ಅದು ತಾಳೆಯಾಗುವುದಿಲ್ಲ. ಆದರೆ ಆ ಹಿರಿಯರು ಅರ್ಧ ಮಾತ್ರ ಹೇಳಿದ್ದಾರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿ ಅಳೆಯುವುದು ಕೃತಿಯಲ್ಲಿರುವ ಹೋಲಿಕೆಯನ್ನು. ಯಂತ್ರ ಕೊಟ್ಟ ವರದಿ ಅದಕ್ಕೊಂದು ಸಾಧನ ಮಾತ್ರ. ಶೇಕಡಾ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. 10ರಿಂದ 40ರವರೆಗಾದರೆ ಗರಿಷ್ಠ 6 ತಿಂಗಳೊಳಗೆ ತಿದ್ದಿ ಮತ್ತೆ ಒಪ್ಪಿಸಬೇಕು. 40ರಿಂದ 60ರವರೆಗಾದರೆ ಒಂದು ವರ್ಷ ಒಪ್ಪಿಸುವಂತಿಲ್ಲ. 60 ಮೀರಿದರೆ ನೋಂದಣಿಯೇ ರದ್ದು. ಆಕರ ಸೂಚಿಸಿ ಉಲ್ಲೇಖಿಸಿದ ಭಾಗವನ್ನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲವಾದ್ದರಿಂದ, ಪ್ರಾಮಾಣಿಕವಾಗಿ ಅಡಿಟಿಪ್ಪಣಿ ಹಾಕಿದವರು ಹೆದರಬೇಕಾಗಿಲ್ಲ.

ಇನ್ನೊಂದು ವಿಷಯವಿದೆ. ದೇಶದ ಪಿಎಚ್‌ಡಿ ಮಹಾಪ್ರಬಂಧಗಳು 'ಶೋಧಗಂಗಾ' ಜಾಲತಾಣದಲ್ಲಿ ಯಾರು ಬೇಕಾದರೂ ಓದುವಂತೆ ಪ್ರಕಟವಾಗುತ್ತವೆ. ಕನ್ನಡದ ಸಂಶೋಧನಾ ವಲಯ ಎಷ್ಟು ದೊಡ್ಡದು? ನೀವು ಎತ್ತಿಕೊಂಡ ಅಧ್ಯಾಯದ ಮೂಲ ಲೇಖಕರೇ ಧಾರವಾಡದಲ್ಲೋ ಮೈಸೂರಿನಲ್ಲೋ ಕುಳಿತು ಅದನ್ನು ತೆರೆಯಬಹುದು. ಕಣ್ಣಿನಿಂದ ಓದುವವರಿಗೆ ಫಾಂಟು ಅಡ್ಡಿಯಾಗುವುದಿಲ್ಲ. ಪದವಿ ಬಂದ ಮೇಲೆ ಚೌರ್ಯ ಸಾಬೀತಾದರೂ ಆ ಪದವಿಯನ್ನು ತಡೆಹಿಡಿಯಲು ಅದೇ ನಿಯಮಾವಳಿಯಲ್ಲಿ ಅವಕಾಶವಿದೆ. ಯುನಿಕೋಡಿನಲ್ಲಿಯೇ ಬರೆಯಿರಿ, ಮುಂದೆ ಹುಡುಕುವವರಿಗೆ ನಿಮ್ಮ ಕೆಲಸ ಸಿಗಬೇಡವೇ?

ಪ್ರಶ್ನೆ: ಹಾಸ್ಟೆಲಿನ ವೈಫೈಯನ್ನು ನಡುರಾತ್ರಿ ಯಾರೂ ಬಳಸುವುದಿಲ್ಲ. ಆಗ ಟೊರೆಂಟ್‌ನಿಂದ ಸಿನಿಮಾ ಇಳಿಸಿಕೊಂಡರೆ ಯಾರಿಗೆ ನಷ್ಟ?
– ವಿದ್ಯಾರ್ಥಿ, ಗೋವಾ

ಉತ್ತರ: ಟೊರೆಂಟ್ ಇಳಿಸಿಕೊಳ್ಳುತ್ತಿರುವಾಗಲೇ, ಬಂದ ತುಣುಕುಗಳನ್ನು ನಿಮ್ಮ ಕಂಪ್ಯೂಟರಿನಿಂದ ಇತರರಿಗೆ ಹಂಚುತ್ತಲೂ ಇರುತ್ತದೆ. ಅಂದರೆ ನೀವು ನೋಡುಗರಷ್ಟೇ ಅಲ್ಲ, ವಿಶ್ವವಿದ್ಯಾಲಯದ ವಿಳಾಸದಿಂದ ಆ ಚಿತ್ರವನ್ನು ಅಕ್ರಮವಾಗಿ ವಿತರಿಸುವವರೂ ಆಗುತ್ತೀರಿ. ಹಕ್ಕುದಾರರ ದೂರು ಬಂದರೆ ಅದು ಮೊದಲು ತಲುಪುವುದು ವಿಶ್ವವಿದ್ಯಾಲಯವನ್ನು; ಅಲ್ಲಿಂದ ನಿಮ್ಮ ಕೋಣೆಯವರೆಗೆ ಹುಡುಕಿಕೊಂಡು ಬರಲು ಅವರಿಗೆ ನಿಮ್ಮ ವೈಫೈ ಲಾಗಿನ್ ಸಾಕು.