ಕಾಳಿ ಸೇತುವೆಯ ಆಚೆಗಿನ ಮನೆ

ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ, ಸಂಬಂಧಪಟ್ಟವರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಸದಾಶಿವಗಡದ ಕಡೆಯ, ಸುಮಾರು 35 ವರ್ಷದ ಈ ಕಥೋಲಿಕ ಮಹಿಳೆ ಕಾರವಾರದ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. 2024ರ ಆಗಸ್ಟ್ 7ರಂದು ನಡುರಾತ್ರಿ ಕಳೆದ ಮೇಲೆ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಚಾಲಕ ಬದುಕಿ ಬಂದ. ಅದೇ ಸೇತುವೆಯನ್ನು ಹಿಂದಿನ ದಿನವಷ್ಟೇ ಸ್ಕೂಟರಿನಲ್ಲಿ ದಾಟಿದ್ದ ಈಕೆಗೆ, ವಾಹನಗಳೆಲ್ಲ ಪಕ್ಕದ ಹೊಸ ಸೇತುವೆಯ ಮೇಲೆ ಓಡಾಡತೊಡಗಿದ ಮೇಲೂ, ನದಿ ಕಂಡರೆ ಸಾಕು, ಎದೆ ಹೊಡೆದುಕೊಂಡು ಕೈಕಾಲು ತಣ್ಣಗಾಗುತ್ತಿತ್ತು. ಕೊನೆಗೆ ನದಿಯ ಈಚೆಗೆ, ಕಚೇರಿ ಇರುವ ಕಾರವಾರದ ಬದಿಯಲ್ಲೇ, ಕೋಡಿಬಾಗದ ಅಕ್ಕನ ಮನೆಯಲ್ಲಿ ಉಳಿದುಬಿಟ್ಟರು. ಗಂಡ ಮಕ್ಕಳು ಆಚೆ ದಡದಲ್ಲಿ. ಶನಿವಾರ ಗಂಡ ಬಂದು ಕರೆದೊಯ್ಯುವಾಗ ಕಣ್ಣು ಮುಚ್ಚಿ, ಜಪಸರ ಬಿಗಿಹಿಡಿದು ಕೂರುತ್ತಿದ್ದರು.

ಸಲಹೆ ಕೇಳಿ ನನ್ನ ಬಳಿಗೆ ಬಂದಾಗ, ಹೃದಯ ಹಾಗೂ ಥೈರಾಯ್ಡ್ ಪರೀಕ್ಷೆಗೆ ಮೊದಲು ವೈದ್ಯರ ಬಳಿಗೆ ಕಳುಹಿಸಿದೆ, ಎರಡರಲ್ಲೂ ದೋಷವಿರಲಿಲ್ಲ. ಹೆದರಿಕೆಗಿಂತ ಹೆಚ್ಚಾಗಿ ಅವರನ್ನು ಕುಗ್ಗಿಸಿದ್ದು ಇನ್ನೊಂದು ಸಂಗತಿ. “ವಿಶ್ವಾಸ ಇದ್ದವರಿಗೆ ಇಷ್ಟು ಹೆದರಿಕೆ ಬರುವುದಿಲ್ಲ ಅಂತಾರೆ ಅತ್ತೆ. ಪೇತ್ರ ಮುಳುಗಿದ್ದೂ ಅದಕ್ಕೇ ಅಲ್ಲವೇ ಮೇಡಂ?” ಎಂದು ಕೇಳಿದರು. ಯೇಸುವಿನ ಶಿಷ್ಯ ಪೇತ್ರ ನೀರಿನ ಮೇಲೆ ನಡೆಯುತ್ತ, ಗಾಳಿಗೆ ಹೆದರಿ ಮುಳುಗತೊಡಗುವ ಬೈಬಲಿನ ಪ್ರಸಂಗ ಅದು. ಅತ್ತೆ ಕೆಟ್ಟವರಲ್ಲ, ತಮಗೆ ತಿಳಿದ ಔಷಧವನ್ನು ಅಳತೆ ಮೀರಿ ಕೊಟ್ಟರು, ಅಷ್ಟೆ.

ನಾನು ಧರ್ಮೋಪದೇಶ ಮಾಡುವವಳಲ್ಲ. ಆದರೆ ನೋವು ಯಾವ ಭಾಷೆಯಲ್ಲಿ ಬಂದಿದೆಯೋ ಅದೇ ಭಾಷೆಯಲ್ಲಿ ಮಾತನಾಡಬೇಕಾಗುತ್ತದೆ. ಹಾಗಾಗಿ ಬೈಬಲ್ ತಂದು ಆ ಭಾಗವನ್ನು ಗಟ್ಟಿಯಾಗಿ ಓದಲು ಹೇಳಿದೆ. ಮತ್ತಾಯನ 14ನೆಯ ಅಧ್ಯಾಯದಲ್ಲಿ ಪೇತ್ರ ಕೂಗಿಕೊಂಡ ಕೂಡಲೇ ಯೇಸು ಕೈಚಾಚಿ ಹಿಡಿಯುತ್ತಾನೆ. ಅಲ್ಪವಿಶ್ವಾಸಿ ಎಂಬ ಮಾತು ಬರುವುದು ಆಮೇಲೆ. ಇಷ್ಟು ವರ್ಷ ಅವರ ಕಿವಿಯಲ್ಲಿ ಉಳಿದದ್ದು ಆ ಮಾತು ಮಾತ್ರ, ಕೈ ಕಣ್ಣಿಗೆ ಬಿದ್ದಿರಲಿಲ್ಲ. ಮುಂದಿನ ಭೇಟಿಗೆ ಅವರೇ ಮಾರ್ಕನ 14ನೆಯ ಅಧ್ಯಾಯವನ್ನು ಗುರುತು ಹಾಕಿಕೊಂಡು ಬಂದರು. ಗೆತ್ಸೆಮನಿ ತೋಪಿನಲ್ಲಿ ಯೇಸು ಕಳವಳಗೊಂಡು, ಈ ಪಾತ್ರೆಯನ್ನು, ಅಂದರೆ ಎದುರಿಗಿರುವ ಸಂಕಟವನ್ನು, ತನ್ನಿಂದ ತೊಲಗಿಸೆಂದು ದೇವರನ್ನು ಬೇಡುತ್ತಾನೆ, ಪಾತ್ರೆ ತೊಲಗುವುದಿಲ್ಲ, ಆದರೂ ಶಿಷ್ಯರಿಗೆ ಏಳಿ, ಹೋಗೋಣ ಎನ್ನುತ್ತಾನೆ. ಹೆದರಿಕೆ ಒಂದು ಭಾವನೆ, ಅದು ತಾನಾಗಿ ಪಾಪವಲ್ಲ ಎಂಬ ಧರ್ಮಸಭೆಯ ಬೋಧನೆಯನ್ನು ಅವರ ಧರ್ಮಕೇಂದ್ರದ ಗುರುಗಳೂ ತಿಳಿಸಿದರು. ಆ ಮಾತು ನನ್ನ ಬಾಯಿಂದ ಬಂದಿದ್ದರೆ ಅಷ್ಟು ತೂಕ ಇರುತ್ತಿರಲಿಲ್ಲ.

ನನ್ನ ಸಲಹೆಯ ತಿರುಳು ಇಲ್ಲಿತ್ತು. ಹೆದರಿಕೆ ಹೋಗಲಿ, ಆಮೇಲೆ ಹೊರಡುತ್ತೇನೆ ಎಂದು ಅವರು ಪ್ರಾರ್ಥಿಸುತ್ತಿದ್ದರು. ಹೀಗೆ ಪ್ರಾರ್ಥನೆಯೇ ಹೊರಡದಿರಲು ಕಾರಣವಾಗಿತ್ತು. ಕಣ್ಣು ಮುಚ್ಚಿ ಜಪಿಸುತ್ತ ದಾಟಿದಾಗ, ಜಪದಿಂದಲೇ ಉಳಿದೆ ಎಂದು ಮನಸ್ಸು ನಂಬುತ್ತದೆಯೇ ಹೊರತು ಸೇತುವೆಯನ್ನು ದಾಟಬಹುದು ಎಂಬುದನ್ನು ಕಲಿಯುವುದಿಲ್ಲ. ಆದ್ದರಿಂದ ಪ್ರಾರ್ಥನೆಯನ್ನು ಬಿಡಬೇಡಿ, ಅದರ ಬೇಡಿಕೆಯನ್ನು ಬದಲಿಸಿ ಎಂದೆ. ಹೆದರಿಕೆಯಾದಾಗ ನಿನ್ನನ್ನು ನಂಬುತ್ತೇನೆ ಎಂಬ 56ನೆಯ ಕೀರ್ತನೆಯ ಭಾವವನ್ನು ಅವರು ಆರಿಸಿಕೊಂಡರು. ಅದರಲ್ಲಿ ಹೆದರಿಕೆಗೂ ಜಾಗವಿದೆ.

ಜೊತೆಗೆ ಹಂತಹಂತವಾದ ಅಭ್ಯಾಸ ಶುರುಮಾಡಿದೆವು: ಮೊದಲು ಕೋಡಿಬಾಗದ ದಡದಲ್ಲಿ ಸೇತುವೆಯನ್ನೇ ನೋಡುತ್ತ, ಎದೆಬಡಿತ ಇಳಿಯುವವರೆಗೆ ನಿಲ್ಲುವುದು, ಆಮೇಲೆ ಬಸ್ಸಿನ ಕಿಟಕಿಯ ಬದಿಯಲ್ಲಿ ಕಣ್ಣು ತೆರೆದು ಕೂರುವುದು, ನಂತರ ಗಂಡನ ಹಿಂದೆ ಸ್ಕೂಟರಿನಲ್ಲಿ, ಕಡೆಗೆ ಒಬ್ಬರೇ. ಎರಡನೆಯ ವಾರ ಬಸ್ಸು ಸೇತುವೆಯ ನಡುವೆಯೇ ನಿಂತುಬಿಟ್ಟಿತು. ಅವರು ಎಲ್ಲರ ಎದುರು ಅತ್ತರು. ನಾಚಿಕೆಯಿಂದ ಮುಂದಿನ ಎರಡು ಭೇಟಿಗೂ ಬರಲಿಲ್ಲ. ನನ್ನ ಅವಸರವೇ ಕೆಲಸ ಕೆಡಿಸಿತೇನೋ ಎಂದುಕೊಂಡಿದ್ದೆ. ಮತ್ತೆ ಬಂದಾಗ ಅವರು ಹೇಳಿದ್ದಿಷ್ಟು: “ಬಸ್ಸು ಹೊರಡುವುದಕ್ಕಿಂತ ಮುಂಚೆಯೇ ಹೆದರಿಕೆ ಇಳಿದಿತ್ತು, ಮೇಡಂ.” ನಾನು ವಾರಗಟ್ಟಲೆ ವಿವರಿಸಿದ್ದನ್ನು ಆ ಕೆಲವು ನಿಮಿಷಗಳು ಕಲಿಸಿದ್ದವು.

ಭೇಟಿಗಳ ನಡುವೆ ರಾತ್ರಿ ಸಂಕಟವಾದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಕೊಟ್ಟಿದ್ದೆ. ಒಮ್ಮೆ ಮಾತ್ರ ಬೇಕಾಯಿತು. ಡಿಸೆಂಬರ್ ಹೊತ್ತಿಗೆ ವಾರವಿಡೀ ಮನೆಯಿಂದಲೇ ಕಚೇರಿಗೆ ಹೋಗಿಬರತೊಡಗಿದರು. ಹೊಟ್ಟೆಯೊಳಗಿನ ನಡುಕ ಮಾತ್ರ ಪೂರ್ತಿ ಹೋಗಿಲ್ಲ.

ಕೊನೆಯ ಭೇಟಿಯಲ್ಲಿ ಮಳೆಗಾಲದ ಮಾತು ಬಂತು. ಸೇತುವೆ ಎಂದಿಗೂ ಬೀಳದೆಂದು ನಾನು ಭರವಸೆ ಕೊಡಲಾರೆ, ಒಂದು ಬಿದ್ದದ್ದನ್ನು ಇಬ್ಬರೂ ಕಂಡಿದ್ದೇವೆ ಎಂದೆ. ಅಧಿಕಾರಿಗಳು ಸಂಚಾರ ನಿಲ್ಲಿಸಿದ ದಿನ ಅಕ್ಕನ ಮನೆ, ಉಳಿದ ದಿನಗಳಲ್ಲಿ ಎಷ್ಟೇ ಮಳೆ ಬರಲಿ ತಮ್ಮ ಮನೆ ಎಂದು ಅವರೇ ನಿಶ್ಚಯಿಸಿ, ಚೀಟಿಯಲ್ಲಿ ಬರೆದು ಬೈಬಲಿನೊಳಗೆ ಇಟ್ಟುಕೊಂಡರು.